ಸಂಜೆ ನೀರು ಕುಡಿಯದ ಹಸು

ಪ್ರಶ್ನೆ: ನಮ್ಮ ಹಿತ್ತಿಲ ಬಾಗಿಲಿನಿಂದ ಕೊಟ್ಟಿಗೆಗೆ ಸುಮಾರು 40 ಮೀಟರ್ ದೂರ. ಅಲ್ಲಿ ಎರಡು ದೀಪ ಉರಿಯಬೇಕು, 2 ಎಚ್‌ಪಿಯ ಸಿಂಗಲ್ ಫೇಸ್ ಮೇವು ಕತ್ತರಿಸುವ ಯಂತ್ರ ನಡೆಯಬೇಕು. ಮನೆ ಕಟ್ಟಿದಾಗ ಉಳಿದ 1.5 ಚದರ ಮಿಲಿಮೀಟರ್ ತಂತಿಯ ಸುರುಳಿ ಇದೆ. ಹಿತ್ತಿಲ ಪ್ಲಗ್ಗಿನಿಂದಲೇ ತೆಗೆದು, ಅಡಿಕೆ ಮರಗಳಿಗೆ ಕಟ್ಟಿಕೊಂಡು ಹೋದರೆ ಸಾಲದೇ? ಗೃಹಜ್ಯೋತಿಗೆ ಕುತ್ತು ಬರುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂತಿಯನ್ನು ಕೇಳಿದ್ದೀರಿ, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು) ವಿಷಯ ಕೇಳಲಿಲ್ಲ. ಹಾಗಾಗಿ ಮೊದಲು ಒಂದು ಹಸುವಿನ ಕಥೆ.

ಸಾಗರದ ಕಡೆಯ ಒಂದು ಮನೆ. ಬೆಳಗ್ಗೆ ಬಾನಿ ಬರಿದು ಮಾಡುವ ಹಸು ಸಂಜೆ ಮೂತಿ ತಾಗಿಸಿದೊಡನೆ ಹಿಂದಕ್ಕೆ ಹಾರುತ್ತಿತ್ತು. ದೃಷ್ಟಿ ತೆಗೆದರು, ಅಕ್ಕಚ್ಚು ಬದಲಿಸಿದರು. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಮಾತಿನ ನಡುವೆ ಈ ವಿಷಯ ಬಂತು. ಸಂಜೆಗೂ ಬೆಳಗ್ಗೆಗೂ ಇದ್ದ ವ್ಯತ್ಯಾಸ ಒಂದೇ, ಕೊಟ್ಟಿಗೆಯ 60 ವ್ಯಾಟ್ ಬಲ್ಬು. ಯಾರೋ ಕರೆಂಟು ತರುವ ಫೇಸ್ ತಂತಿಯೊಂದನ್ನೇ ಎಳೆದು, ಕರೆಂಟು ಮರಳುವ ನ್ಯೂಟ್ರಲ್ ತಂತಿಯ ಬದಲು ಬಲ್ಬಿನ ಇನ್ನೊಂದು ತುದಿಯನ್ನು ಬಾನಿಗೆ ನೀರು ತರುವ ಕಬ್ಬಿಣದ ಪೈಪಿಗೆ ಸುತ್ತಿಬಿಟ್ಟಿದ್ದರು. ತಂತಿ ಉಳಿಯಿತು, ಬಲ್ಬು ಉರಿಯಿತು. ಮೀಟರ್ ಹಿಡಿದರೆ ಪೈಪಿಗೂ ಹಸಿ ನೆಲಕ್ಕೂ ನಡುವೆ 22 ವೋಲ್ಟ್! ರಬ್ಬರ್ ಚಪ್ಪಲಿ ಮೆಟ್ಟಿದ ಮನೆಯವರಿಗೆ ಏನೂ ತಿಳಿದಿರಲಿಲ್ಲ. ಹಸುವಿಗೆ ಚಪ್ಪಲಿ ಎಲ್ಲಿಂದ ಬರಬೇಕು? ಗಂಜಲದಲ್ಲಿ ನಾಲ್ಕು ಕಾಲೂರಿ ನಿಂತು ಒದ್ದೆ ಮೂತಿಯನ್ನು ನೀರಿಗೆ ಇಡುತ್ತದೆ. ನಮಗೆ ಜುಮ್ಮೆನ್ನದ ವೋಲ್ಟೇಜೂ ಅದಕ್ಕೆ ಹೊಡೆತವೇ.

ಆದ್ದರಿಂದ ನಿಮ್ಮ ಕೊಟ್ಟಿಗೆಗೆ ಮೂರು ಎಳೆ ಹೋಗಬೇಕು: ಫೇಸ್, ನ್ಯೂಟ್ರಲ್, ಅರ್ಥ್. ಜೊತೆಗೆ ಕೊಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಅರ್ಥಿಂಗ್ ಗುಂಡಿ ತೆಗೆಸಿ, ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು–ಉಪ್ಪು ತುಂಬಿಸಿ. ಕಬ್ಬಿಣದ ಕಂಬ, ನೀರಿನ ಪೈಪು, ಯಂತ್ರದ ಮೈ ಎಲ್ಲವನ್ನೂ ಅದಕ್ಕೆ ಜೋಡಿಸಿ. ಹಾಗೆಂದು ಅರ್ಥ್ ಎಳೆಯನ್ನು ನ್ಯೂಟ್ರಲ್ ಆಗಿ ದುಡಿಸಬಾರದು, ಅವೆರಡನ್ನೂ ಕೊಟ್ಟಿಗೆಯಲ್ಲಿ ಒಂದಕ್ಕೊಂದು ಸೇರಿಸಲೂಬಾರದು. ಮನೆಯ ಬೋರ್ಡಿನಲ್ಲೇ ಕೊಟ್ಟಿಗೆಯ ಲೈನಿಗೆ ಪ್ರತ್ಯೇಕವಾಗಿ 20 ಆಂಪಿಯರ್ ಎಂಸಿಬಿ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂರಿಸಿ. ಹೊರೆ ಹೆಚ್ಚಾದರೆ ಲೈನು ಕಡಿದು ತಂತಿ ಸುಡದಂತೆ ಕಾಯುವುದು ಎಂಸಿಬಿ. ಕರೆಂಟು ಸೋರಿದೊಡನೆ ಲೈನು ಕಡಿದು ಜೀವ ಕಾಯುವುದು ಆರ್‌ಸಿಸಿಬಿ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ‘ಸುಮ್ಮನೆ ಬೀಳುತ್ತಿರುತ್ತದೆ’ ಎಂದು ಆರ್‌ಸಿಸಿಬಿಯನ್ನೇ ಕಿತ್ತು ನೇರ ಜೋಡಿಸಿಕೊಂಡ ಮಹಾನುಭಾವರನ್ನು ಕಂಡಿದ್ದೇನೆ. ಅದು ಸುಮ್ಮನೆ ಬೀಳುವುದಿಲ್ಲ, ಎಲ್ಲೋ ಸೋರುತ್ತಿರುತ್ತದೆ.

ಈಗ ತಂತಿ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 11 ಆಂಪಿಯರ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಹೋಗಿ ಬರುವ 80 ಮೀಟರ್ 1.5ರ ತಂತಿಯಲ್ಲಿ ಆ ಕ್ಷಣ ಹತ್ತಿರ ಹತ್ತಿರ 50 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಸಂಜೆ ಮೊದಲೇ ವೋಲ್ಟೇಜು ಬಿದ್ದಿದ್ದರೆ ಮೋಟಾರು ಗುಂಯ್ ಎಂದು ನರಳುತ್ತದೆ, ತಿರುಗುವುದಿಲ್ಲ, ಕೊನೆಗೆ ವೈಂಡಿಂಗ್ ಸುಟ್ಟ ವಾಸನೆ. 4 ಚದರ ಮಿಲಿಮೀಟರಿನ ತಾಮ್ರದ ಮೂರೆಳೆ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ ಕೊಳ್ಳಿ. ಅಲ್ಯೂಮಿನಿಯಂ ಆದರೆ 6.

ಅಡಿಕೆ ಮರಕ್ಕೆ ಖಂಡಿತ ಕಟ್ಟಬೇಡಿ. ಗಾಳಿಗೆ ಮರ ತೂಗುತ್ತದೆ, ತಂತಿಯ ಮೈ ಸವೆಯುತ್ತದೆ, ಒದ್ದೆ ಮರದ ಮೇಲೆ ಅಡಿಕೆ ಕೊನೆ ತೆಗೆಯುವವನು ಏರಿರುತ್ತಾನೆ. ಮುಕ್ಕಾಲು ಮೀಟರ್ ಆಳದ ಕಾಲುವೆ ತೋಡಿ, ಮರಳು ಹಾಸಿ, ಕೇಬಲ್ ಮಲಗಿಸಿ, ಮತ್ತೆ ಮರಳು, ಮೇಲೆ ಇಟ್ಟಿಗೆ ಸಾಲು. ಮುಂದೆ ಗುದ್ದಲಿ ಹಿಡಿದವನಿಗೆ ಮೊದಲು ಇಟ್ಟಿಗೆ ಸಿಗಲಿ. ಗೊಬ್ಬರಗುಂಡಿಯನ್ನು ಬಿಟ್ಟು ಸುತ್ತಿಕೊಂಡು ಹೋಗಿ. ಕೊಟ್ಟಿಗೆಯೊಳಗಿನ ಸ್ವಿಚ್ಚುಗಳಿಗೆ ನೀರು ನುಗ್ಗದ ಮುಚ್ಚಳದ ಪೆಟ್ಟಿಗೆ ಇರಲಿ, ಹಸುವಿನ ನಾಲಿಗೆಗೆ ಎಟುಕದ ಎತ್ತರದಲ್ಲಿ.

ಹಿತ್ತಿಲ ಪ್ಲಗ್ಗನ್ನು ಮರೆತುಬಿಡಿ. ಪಂಪ್‌ಸೆಟ್ಟಿನ ಉಚಿತ ಲೈನು ಹತ್ತಿರದಲ್ಲೇ ಇದೆಯಲ್ಲ ಎಂದು ಅದಕ್ಕೂ ಕೈ ಹಾಕಬೇಡಿ. ಮಂಜೂರಾದ ಉದ್ದೇಶ ಬಿಟ್ಟು ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಇದೆ. ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ ಮೆಸ್ಕಾಂ ಕಚೇರಿಗೆ ಅರ್ಜಿ ಕೊಡಿ, ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ.

ಗೃಹಜ್ಯೋತಿಯ ಲೆಕ್ಕ ಸುಲಭ. ದಿನಕ್ಕೆ ಅರ್ಧ ಗಂಟೆ ಯಂತ್ರ ನಡೆದರೆ ಸುಮಾರು ಒಂದು ಯೂನಿಟ್, ತಿಂಗಳಿಗೆ 30. ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಹಳೆಯ ಬಿಲ್ಲುಗಳನ್ನು ತೆಗೆದು ಕೂಡಿಸಿ ನೋಡಿ.

ಆ 1.5ರ ಸುರುಳಿಯೂ ದಂಡವಲ್ಲ. ಕೊಟ್ಟಿಗೆಯ ಪೆಟ್ಟಿಗೆಯಿಂದ ಎರಡು ದೀಪಗಳಿಗೆ 6 ಆಂಪಿಯರಿನ ಬೇರೆ ಎಂಸಿಬಿ ಹಾಕಿಸಿ, ಪೈಪಿನೊಳಗೆ ಎಳೆಸಿ. ಇಲಿ ಕಡಿದಿದೆಯೇ ಎಂದು ಮೊದಲು ಸುರುಳಿ ಬಿಚ್ಚಿ ನೋಡಿ.