ತಾಯಿಗೆ ಬಾಯಿ ಕ್ಯಾನ್ಸರ್, ನ್ಯಾನೋ ಇಮ್ಯುನೋಥೆರಪಿ ನಂಬಿ ಆಪರೇಷನ್ ಮುಂದೂಡಬಹುದಾ?

ದಯವಿಟ್ಟು ಮುಂದೂಡಬೇಡಿ. ಮಾಲೂರಿನಲ್ಲಿರುವ ತಾಯಿಗೆ ಕೆನ್ನೆಯೊಳಗೆ ಗಡ್ಡೆ, ಆಪರೇಷನ್‌ಗೆ ಡೇಟ್ ಕೊಟ್ಟಾಗಿದೆ, ಈಗ ಯಾರೋ ನೆಂಟರು 'ನ್ಯಾನೋ ಇಮ್ಯುನೋಥೆರಪಿ ಬಂದಿದೆ, ಕುಯ್ಯಿಸಬೇಡಿ' ಅಂದರು ಅಂತ ಬರೆದಿದ್ದೀರಿ. ನಾನೂ ಕೋಲಾರದವಳೇ, ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಇದೇ ನ್ಯಾನೋ ಕಣ ಮಾಡುತ್ತೇನೆ. ನಮ್ಮ ಕಡೆ ಹೆಂಗಸರು ಕಡ್ಡಿಪುಡಿಯನ್ನು ದವಡೆಯಲ್ಲಿ ಒತ್ತರಿಸಿಕೊಂಡೇ ಕೆಲಸ ಮಾಡುತ್ತಾರೆ, ಹುಣ್ಣು ಏಳುವುದೂ ಹೆಚ್ಚಾಗಿ ಅಲ್ಲೇ. ಅದಕ್ಕೇ ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲಾಗಲಿಲ್ಲ.

ಇಮ್ಯುನೋಥೆರಪಿ ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ. ನ್ಯಾನೋ ಕಣ ಹೆಚ್ಚಾಗಿ ಔಷಧಿಯನ್ನು ಹೊತ್ತೊಯ್ಯುವ ಗಾಡಿ ಅಷ್ಟೇ. ಕೊಬ್ಬನ್ನು ಎಥನಾಲ್‌ನಲ್ಲಿ ಕರಗಿಸಿ, ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಅಣು) ಇರುವ ಹುಳಿ ದ್ರಾವಣದ ಜೊತೆ ತೀರಾ ಸಣ್ಣ ಕಾಲುವೆಯಲ್ಲಿ ಹಾಯಿಸಿದರೆ 100 ನ್ಯಾನೋಮೀಟರ್ ಆಸುಪಾಸಿನ ಉಂಡೆಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ, ಕೊಳವೆಯ ತುದಿಯಲ್ಲಿ ನೀರು ಬೆರೆಸಿದ ಹಾಲಿನ ಥರ, ಸ್ವಲ್ಪ ನೀಲಿ ಹೊಳಪಿನ ದ್ರವ ತೊಟ್ಟಿಕ್ಕುತ್ತದೆ. ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳಲ್ಲಿ ಇದ್ದದ್ದೂ ಇಂಥ ಕಣಗಳೇ. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್‌ನಲ್ಲಿ 157 ಜನರ ಟ್ರಯಲ್ ಆಯಿತು. ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿ ಒಂದನ್ನೇ ಕೊಟ್ಟವರಿಗಿಂತ, ಜೊತೆಗೆ ಈ ಥರದ ಲಸಿಕೆಯನ್ನೂ ಕೊಟ್ಟವರಲ್ಲಿ ರೋಗ ಮರುಕಳಿಸುವ ಅಥವಾ ಸಾಯುವ ಅಪಾಯ 44% ಕಡಿಮೆ ಇತ್ತು. ತುಂಬಾ ಒಳ್ಳೆಯ ಸುದ್ದಿ. ಆದರೆ ಅವರೆಲ್ಲ ಮೊದಲು ಆಪರೇಷನ್ ಮಾಡಿಸಿಕೊಂಡವರು! ತೆಗೆದ ಗಡ್ಡೆಯ ಜೀನ್‌ಗಳನ್ನು ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆ ಲಸಿಕೆ ಮಾಡಿದ್ದು. ನಿಮ್ಮ ನೆಂಟರು ಹೇಳುತ್ತಿರುವುದು ಪೂರ್ತಿ ಉಲ್ಟಾ ಅಲ್ವಾ?

ಇನ್ನು ರಕ್ತಕ್ಕೆ ಬಿಟ್ಟರೆ ಕಣ ನೆಟ್ಟಗೆ ಗಡ್ಡೆಗೇ ಹೋಗುತ್ತದೆ ಅನ್ನುವ ಮಾತು. 2016ರಲ್ಲಿ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಗಡ್ಡೆ ಸೇರಿದ್ದು ಸುಮಾರು 0.7% ಮಾತ್ರ. ಜಾಸ್ತಿ ಪಾಲು ಲಿವರ್, ಗುಲ್ಮಗಳೇ ಹಿಡಿದುಕೊಳ್ಳುತ್ತವೆ. ನಮ್ಮಂಥವರು ತಲೆ ಕೆಡಿಸಿಕೊಂಡಿರುವುದೇ ಇದರ ಬಗ್ಗೆ.

ಇಮ್ಯುನೋಥೆರಪಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ, ವಾಸಿಯಾಗದ ಹಂತ ತಲುಪಿದ್ದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಮಾತ್ರೆಗಳ ಕೀಮೋ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿ ಕೊಟ್ಟರು. ಒಂದು ವರ್ಷ ಬದುಕುಳಿದವರ ಪ್ರಮಾಣ ಬರೀ ಮಾತ್ರೆಗಳ ಕೀಮೋ ಪಡೆದವರಲ್ಲಿ 16.3% ಇದ್ದರೆ, ಇವರಲ್ಲಿ 43.4% ಇತ್ತು. ಪೂರ್ತಿ ಡೋಸ್‌ನ ಖರ್ಚಿಗೆ ಹೋಲಿಸಿದರೆ ಇದು ಎಷ್ಟೋ ಕಡಿಮೆ. ಇದರಲ್ಲಿ ನ್ಯಾನೋ ಏನೂ ಇಲ್ಲ. ದೇವರ ದಯೆಯಿಂದ ನಿಮಗೆ ಇದು ಬೇಕಾಗದೇ ಇರಲಿ, ಆದರೆ ಮುಂದೆ ರೋಗ ಮರಳಿದರೆ ಈ ಔಷಧಿಯ ಹೆಸರು ಹೇಳಿಯೇ ಡಾಕ್ಟರನ್ನು ಕೇಳಿ.

ಇನ್ನೂ ಅನುಮಾನ ಇದ್ದರೆ ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್ ತಗೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಇನ್ನೊಂದು ಅಭಿಪ್ರಾಯ ಕೇಳಿ. ಈ ವಾರವೇ ಹೋಗಿ, ಕೊಟ್ಟಿರುವ ಡೇಟ್ ಮಾತ್ರ ಕ್ಯಾನ್ಸಲ್ ಮಾಡಬೇಡಿ.