ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಗಿದ ಬೆಳಕಿನಿಂದ ಗೆಲಾಕ್ಸಿ ಗುಚ್ಛಗಳ ತೂಕ

ಪ್ರಶ್ನೆ: ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರ 2022ರ ಜುಲೈನಲ್ಲಿ ಬಿಡುಗಡೆಯಾದಾಗ, ನಡುವಿನ ಬೆಳ್ಳನೆಯ ಗೆಲಾಕ್ಸಿಗಳ ಸುತ್ತ ಬಾಗಿದ ಗೆರೆಗಳು ಕಂಡವು. ಅವುಗಳನ್ನು ನೋಡಿ ಆ ಗೆಲಾಕ್ಸಿ ಗುಚ್ಛದ ದ್ರವ್ಯರಾಶಿಯನ್ನು ಲೆಕ್ಕ ಹಾಕುತ್ತಾರೆ ಎಂದು ಓದಿದ್ದೇನೆ. ಬೆಳಕು ಬಾಗಿದ್ದನ್ನು ನೋಡಿ ತೂಕ ಹೇಳುವುದು ಹೇಗೆ?
— ಭೌತವಿಜ್ಞಾನ ಉಪನ್ಯಾಸಕರು, ಹಾವೇರಿ

ಉತ್ತರ: ಆ ಚಿತ್ರದ ನಡುವೆ ಇರುವುದು ಎಸ್‌ಮ್ಯಾಕ್ಸ್ 0723 ಎಂಬ ಗುಚ್ಛ. ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 460 ಕೋಟಿ ವರ್ಷಗಳಾಗಿವೆ. ನೀವು ಕಂಡ ಗೆರೆಗಳು ಗುಚ್ಛಕ್ಕೆ ಸೇರಿದವಲ್ಲ. ಅದಕ್ಕಿಂತ ಎಷ್ಟೋ ಹಿಂದಿರುವ ಗೆಲಾಕ್ಸಿಗಳ ಬೆಳಕು ಗುಚ್ಛವನ್ನು ಹಾದು ಬರುವಾಗ ಅದರ ಗುರುತ್ವಕ್ಕೆ ಸಿಕ್ಕಿ ದಾರಿ ಬದಲಿಸುವುದರಿಂದ, ಒಂದೇ ಗೆಲಾಕ್ಸಿ ನಮಗೆ ಉದ್ದಕ್ಕೆ ಎಳೆದಂತೆಯೂ ಕೆಲವೊಮ್ಮೆ ಮೂರು ನಾಲ್ಕು ಕಡೆ ಬೇರೆ ಬೇರೆಯಾಗಿಯೂ ತೋರುತ್ತದೆ. ಇದಕ್ಕೆ ಗುರುತ್ವ ಮಸೂರ ಎಂದು ಹೆಸರು.

ತೂಕಕ್ಕೂ ಬಾಗುವಿಕೆಗೂ ಇರುವ ನಂಟು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ ಬರುತ್ತದೆ. ಗುರುತ್ವ ಸ್ಥಿರಾಂಕವನ್ನು ದ್ರವ್ಯರಾಶಿಯಿಂದ ಗುಣಿಸಿ, ನಾಲ್ಕು ಪಟ್ಟು ಮಾಡಿ, ಬಂದದ್ದನ್ನು ಬೆಳಕಿನ ವೇಗದ ವರ್ಗದಿಂದಲೂ ಕಿರಣವು ಆ ರಾಶಿಯಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತದೋ ಆ ಅಂತರದಿಂದಲೂ ಭಾಗಿಸಿದರೆ ಕಿರಣ ಬಾಗುವ ಕೋನ ಸಿಗುತ್ತದೆ. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕಿಗೆ ಇದು 1.75 ಕೋನ ಸೆಕೆಂಡ್ (ಒಂದು ಕೋನ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). ನ್ಯೂಟನ್ನನ ಗುರುತ್ವ ನಿಯಮದಿಂದ ಲೆಕ್ಕ ಹಾಕಿದರೆ ಇದರ ಅರ್ಧ ಮಾತ್ರ ಬರುತ್ತದೆ. 1919ರ ಪೂರ್ಣ ಸೂರ್ಯಗ್ರಹಣದಲ್ಲಿ ಎಡಿಂಗ್ಟನ್ ಮತ್ತು ಸಂಗಡಿಗರು ಪರೀಕ್ಷಿಸಲು ಹೊರಟದ್ದು ಈ ಎರಡರಲ್ಲಿ ಯಾವುದು ಸರಿ ಎಂಬುದನ್ನೇ. ಈ ಸೂತ್ರದಲ್ಲಿ ವಸ್ತುವಿನ ಬಣ್ಣ, ಬಿಸಿ, ರಾಸಾಯನಿಕ ಗುಣ ಯಾವುದಕ್ಕೂ ಜಾಗವಿಲ್ಲ. ಅದು ಬೆಳಗುತ್ತದೆಯೋ ಇಲ್ಲವೋ, ನಿಂತಿದೆಯೋ ಕಲಕಿಹೋಗಿದೆಯೋ ಎಂದು ಕೇಳಬೇಕಾಗಿಲ್ಲ. ಖಗೋಳವಿಜ್ಞಾನಿಗಳಿಗೆ ಈ ವಿಧಾನದ ಮೇಲೆ ಇಷ್ಟೊಂದು ಮಮತೆ ಇರುವುದಕ್ಕೆ ಇದೇ ಕಾರಣ.

ತರಗತಿಯಲ್ಲಿ ಹೇಳುವಾಗ ಒಂದು ಎಚ್ಚರಿಕೆ ಬೇಕು. ಪ್ರಯೋಗಾಲಯದ ಪೀನ ಮಸೂರದಲ್ಲಿ ಅಂಚಿನ ಕಿರಣ ಹೆಚ್ಚು ಬಾಗಿ ನಡುವಿನ ಕಿರಣ ನೇರವಾಗಿ ಹೋಗುತ್ತದೆ, ಹಾಗಾಗಿ ಎಲ್ಲ ಕಿರಣಗಳೂ ಒಂದು ಬಿಂದುವಿನಲ್ಲಿ ಕೂಡುತ್ತವೆ. ಗುರುತ್ವ ಮಸೂರದ ಸ್ವಭಾವ ಬೇರೆ: ರಾಶಿಯ ಸಮೀಪ ಹಾದದ್ದು ಹೆಚ್ಚು ಬಾಗುತ್ತದೆ, ದೂರದ್ದು ಕಡಿಮೆ. ಅದಕ್ಕೆ ಒಂದು ನಾಭಿ ಎಂಬುದಿಲ್ಲ, ಅದರಿಂದ ಸಿಗುವುದು ಸ್ಪಷ್ಟ ಬಿಂಬವಲ್ಲ, ತಿರುಚಿದ ಕಂಸ, ಅಂದರೆ ನೀವು ಕಂಡಂಥ ಬಾಗಿದ ಗೆರೆ.

ಮೂಲ, ಮಸೂರ, ವೀಕ್ಷಕ ಮೂರೂ ಒಂದೇ ರೇಖೆಯ ಮೇಲಿದ್ದು, ಮಸೂರವು ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿದ್ದರೆ ಹಿಂದಿನ ಗೆಲಾಕ್ಸಿ ಪೂರ್ಣ ಉಂಗುರವಾಗಿ ಕಾಣಬೇಕು. ಇದೇ ಐನ್‌ಸ್ಟೈನ್ ಉಂಗುರ. ಗುಚ್ಛಗಳು ಅಷ್ಟು ಸಮರೂಪವಾಗಿರುವುದಿಲ್ಲವಾದ್ದರಿಂದ ನಮಗೆ ದಕ್ಕುವುದು ಉಂಗುರದ ತುಣುಕುಗಳು. ಆದರೂ ಅವುಗಳಿಂದ ಉಂಗುರದ ತ್ರಿಜ್ಯವನ್ನು ಅಂದಾಜು ಮಾಡಬಹುದು. ಉಂಗುರದೊಳಗಿನ ರಾಶಿಯು ಈ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು 220 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಆಬೆಲ್ 1689 ಇದಕ್ಕೆ ಒಳ್ಳೆಯ ಉದಾಹರಣೆ. ಜಾರ್ಜ್ ಆಬೆಲ್ 1958ರಲ್ಲಿ ಪ್ರಕಟಿಸಿದ ಗುಚ್ಛಗಳ ಪಟ್ಟಿಯಲ್ಲಿ ಇದರ ಕ್ರಮಸಂಖ್ಯೆ 1689, ಅದು ಇಸವಿಯಲ್ಲ. ಹಬಲ್ ದೂರದರ್ಶಕ ಇದರ ಸುತ್ತ ಹಿನ್ನೆಲೆಯ ಸುಮಾರು 30 ಗೆಲಾಕ್ಸಿಗಳ ನೂರಕ್ಕೂ ಹೆಚ್ಚು ಬಿಂಬಗಳನ್ನು ಗುರುತಿಸಲು ನೆರವಾಯಿತು. ಇವುಗಳಿಂದ ದೊರೆತ ಐನ್‌ಸ್ಟೈನ್ ತ್ರಿಜ್ಯ ಸುಮಾರು 47 ಕೋನ ಸೆಕೆಂಡ್, ಅಂದರೆ ಹುಣ್ಣಿಮೆಯ ಚಂದ್ರನ ವ್ಯಾಸದ 40ರಲ್ಲಿ ಒಂದು ಪಾಲು. ಗುಚ್ಛದ ದೂರ, ಮೂಲದ ದೂರ, ಇವೆರಡರ ನಡುವಿನ ದೂರ ಮೂರನ್ನೂ ಸೂತ್ರಕ್ಕೆ ಹಾಕಿದರೆ ಆ ಉಂಗುರದೊಳಗೆ ಸುಮಾರು 200 ಲಕ್ಷ ಕೋಟಿ ಸೂರ್ಯರಷ್ಟು ದ್ರವ್ಯ ಇದೆ ಎಂದು ಬರುತ್ತದೆ. ಇಷ್ಟಾದರೂ ಇದು ಗುಚ್ಛದ ನಡುಭಾಗದ ತೂಕ ಮಾತ್ರ. ಇಡೀ ಗುಚ್ಛ ಇದರ ಹಲವು ಪಟ್ಟು ಭಾರವಾಗಿದೆ.

ದೂರಗಳು ಗೊತ್ತಿಲ್ಲದೆ ಕಂಸವೊಂದನ್ನು ಕಂಡರೆ ಏನೂ ಹೇಳಲಾಗದು ಎಂಬುದನ್ನು ಇತಿಹಾಸವೇ ತೋರಿಸುತ್ತದೆ. ಆಬೆಲ್ 370 ಗುಚ್ಛದ ದೈತ್ಯ ಕಂಸ 1980ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದಾಗ ಅದು ಗುಚ್ಛದೊಳಗಿನದೇ ಯಾವುದೋ ವಿಚಿತ್ರ ರಚನೆಯಿರಬಹುದೇ ಎಂಬ ಅನುಮಾನವೂ ಇತ್ತು. ಫ್ರಾನ್ಸಿನ ಟುಲೂಸ್ ನಗರದ ಖಗೋಳವಿಜ್ಞಾನಿಗಳ ತಂಡ ಕಂಸದ ರೋಹಿತವನ್ನು ಪಡೆದು, ಅದರ ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಎಂಬ ಅಳತೆ; ಇದು ಹೆಚ್ಚಿದ್ದಷ್ಟೂ ಮೂಲ ದೂರ) 0.724 ಎಂದು 1988ರಲ್ಲಿ ಪ್ರಕಟಿಸಿತು. ಗುಚ್ಛದ ಕೆಂಪು ಪಲ್ಲಟ 0.375 ಮಾತ್ರ. ಕಂಸ ಗುಚ್ಛಕ್ಕಿಂತ ಬಹಳ ಹಿಂದಿದೆ ಎಂಬುದು ಖಚಿತವಾದ ಮೇಲೆ ವಾದಕ್ಕೆ ಎಡೆ ಉಳಿಯಲಿಲ್ಲ.

ಪ್ರಶ್ನೆ: ಇಂಥ ದೊಡ್ಡ ಕಂಸಗಳು ಎಲ್ಲ ಗುಚ್ಛಗಳಲ್ಲೂ ಕಾಣುತ್ತವೆಯೇ? ಕಾಣದಿದ್ದರೆ ತೂಕ ಅಳೆಯುವ ದಾರಿ ಯಾವುದು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕಾಣುವುದಿಲ್ಲ. ಅವು ಕಾಣಬೇಕಾದರೆ ಗುಚ್ಛದ ನಡುಭಾಗ ಬಹಳ ದಟ್ಟವಾಗಿರಬೇಕು ಮತ್ತು ಹಿಂದೆ ಸರಿಯಾದ ಜಾಗದಲ್ಲಿ ಒಂದು ಗೆಲಾಕ್ಸಿ ಇರಬೇಕು. ನಡುಭಾಗದಿಂದ ಹೊರಗೆ ಹೋದಂತೆ ಹಿನ್ನೆಲೆಯ ಗೆಲಾಕ್ಸಿಗಳ ಆಕಾರ ಬದಲಾಗುವುದು ನೂರಕ್ಕೆ ಒಂದೆರಡು ಪಾಲಿನಷ್ಟು. ಇದನ್ನು ದುರ್ಬಲ ಮಸೂರ ಪರಿಣಾಮ ಎನ್ನುತ್ತಾರೆ. ಯಾವ ಒಂದು ಗೆಲಾಕ್ಸಿಯನ್ನು ನೋಡಿದರೂ ಇದು ತಿಳಿಯದು, ಏಕೆಂದರೆ ಗೆಲಾಕ್ಸಿಗಳು ಹುಟ್ಟಿನಿಂದಲೇ ಒಂದೊಂದೂ ಒಂದೊಂದು ದಿಕ್ಕಿಗೆ ಚಪ್ಪಟೆಯಾಗಿರುತ್ತವೆ. ಭತ್ತದ ಗದ್ದೆಯಲ್ಲಿ ಒಂದು ತೆನೆ ವಾಲಿದ್ದನ್ನು ನೋಡಿ ಗಾಳಿಯ ದಿಕ್ಕು ಹೇಳಲಾಗದು, ಇಡೀ ಗದ್ದೆಯನ್ನು ನೋಡಿದರೆ ಹೇಳಬಹುದು. ಇಲ್ಲಿಯೂ ಸಾವಿರಾರು ಗೆಲಾಕ್ಸಿಗಳ ಸರಾಸರಿ ತೆಗೆದರೆ ಅವುಗಳ ಉದ್ದನೆಯ ಬದಿ ಗುಚ್ಛದ ಸುತ್ತ ವೃತ್ತಾಕಾರಕ್ಕೆ ಒಂದಿಷ್ಟು ಹೊಂದಿಕೊಂಡಿರುವುದು ಗೊತ್ತಾಗುತ್ತದೆ. ಟೈಸನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು 1990ರಲ್ಲಿ ಮೊದಲು ತೋರಿಸಿದರು, ಅವರು ನೋಡಿದ ಗುಚ್ಛಗಳಲ್ಲಿ ಆಬೆಲ್ 1689 ಕೂಡ ಒಂದು. ಹೀಗೆ ಅಳೆದ ಆಕಾರಗಳಿಂದ ರಾಶಿಯ ನಕ್ಷೆಯನ್ನೇ ಬಿಡಿಸುವ ಗಣಿತವನ್ನು 1993ರಲ್ಲಿ ಕೈಸರ್ ಮತ್ತು ಸ್ಕ್ವೈರ್ಸ್ ಕೊಟ್ಟರು.

ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಗೆಲಾಕ್ಸಿಯ ಸ್ವಂತ ಚಪ್ಪಟೆತನದಿಂದ ಬರುವ ಗೊಂದಲ ಸುಮಾರು 0.3. ಎಷ್ಟು ಗೆಲಾಕ್ಸಿಗಳನ್ನು ಸೇರಿಸುತ್ತೇವೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಇದು ಇಳಿಯುತ್ತದೆ. ನಾವು ಹುಡುಕುತ್ತಿರುವ ತಿರುಚು 0.01 ಆದರೆ, ಗೊಂದಲವನ್ನು ಅದೇ ಮಟ್ಟಕ್ಕೆ ಇಳಿಸಲಿಕ್ಕೇ 900 ಗೆಲಾಕ್ಸಿಗಳು ಬೇಕು. ಒಂದೊಂದು ಗುಚ್ಛದ ಹಿಂದೆಯೂ ಮಸುಕಾದ ಗೆಲಾಕ್ಸಿಗಳನ್ನು ಗುಡ್ಡೆ ಹಾಕಬೇಕಾದ ಅಗತ್ಯ ಇದರಿಂದಲೇ. ಜತೆಗೆ ವಾತಾವರಣವೂ ದೂರದರ್ಶಕದ ಕನ್ನಡಿಯೂ ಬಿಂಬವನ್ನು ಇದಕ್ಕಿಂತ ಹೆಚ್ಚು ಕೆಡಿಸುತ್ತವೆ. ಅದನ್ನು ತೆಗೆದುಹಾಕಲು ಅದೇ ಚಿತ್ರದಲ್ಲಿರುವ ನಮ್ಮ ಆಕಾಶಗಂಗೆಯ ನಕ್ಷತ್ರಗಳನ್ನು ಬಳಸುತ್ತಾರೆ: ನಕ್ಷತ್ರವೆಂದರೆ ಬಿಂದು, ಅದು ಬಿಂದುವಾಗಿ ಕಾಣದಿದ್ದರೆ ತಪ್ಪು ಉಪಕರಣದ್ದು ಅಥವಾ ಗಾಳಿಯದ್ದು. ಕೊನೆಗೆ ಒಂದು ಸೊಗಸಾದ ತಾಳೆ ಪರೀಕ್ಷೆಯೂ ಇದೆ. ಪ್ರತಿ ಗೆಲಾಕ್ಸಿಯ ದಿಕ್ಕನ್ನೂ ಲೆಕ್ಕದಲ್ಲಿ 45 ಡಿಗ್ರಿ ತಿರುಗಿಸಿ ಮತ್ತೆ ಸರಾಸರಿ ತೆಗೆದರೆ ಉತ್ತರ ಸೊನ್ನೆ ಬರಬೇಕು, ಏಕೆಂದರೆ ಗುರುತ್ವವು ಅಂಥ ವಿನ್ಯಾಸವನ್ನು ಉಂಟುಮಾಡುವುದಿಲ್ಲ. ಸೊನ್ನೆ ಬರದಿದ್ದರೆ ಎಲ್ಲೋ ದೋಷ ಉಳಿದಿದೆ ಎಂದೇ ಅರ್ಥ.

ಪ್ರಶ್ನೆ: ಗುಚ್ಛದೊಳಗಿನ ಗೆಲಾಕ್ಸಿಗಳ ವೇಗದಿಂದ ಜ್ವಿಕಿ ಹಿಂದೆಯೇ ತೂಕ ಕಂಡುಹಿಡಿದಿದ್ದರಲ್ಲವೇ? ಮತ್ತೆ ಮಸೂರವೇಕೆ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಹೌದು, ಫ್ರಿಟ್ಸ್ ಜ್ವಿಕಿ 1933ರಲ್ಲಿ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗವನ್ನು ನೋಡಿ, ಕಾಣುವ ನಕ್ಷತ್ರಗಳ ಸೆಳೆತವೊಂದೇ ಇದ್ದರೆ ಗುಚ್ಛ ಯಾವಾಗಲೋ ಚದುರಿಹೋಗಬೇಕಿತ್ತು ಎಂದು ವಾದಿಸಿದರು. ಗೆಲಾಕ್ಸಿಗಳೇ ಮಸೂರವಾಗಬಲ್ಲವು, ಅದರಿಂದ ಅವುಗಳ ರಾಶಿ ಅಳೆಯಬಹುದು ಎಂದು 1937ರಲ್ಲಿ ಬರೆದವರೂ ಅವರೇ. ಅದರ ಹಿಂದಿನ ವರ್ಷವಷ್ಟೇ ಐನ್‌ಸ್ಟೈನ್ ಒಂದು ನಕ್ಷತ್ರ ಇನ್ನೊಂದಕ್ಕೆ ಮಸೂರವಾಗುವ ಲೆಕ್ಕವನ್ನು ಪ್ರಕಟಿಸಿ, ಇದನ್ನು ನೋಡುವ ಆಸೆ ಬೇಡ ಎಂಬ ಅರ್ಥದಲ್ಲಿ ಬರೆದಿದ್ದರು. ಈ ವಿಷಯದಲ್ಲಿ ಜ್ವಿಕಿಯ ದೂರದೃಷ್ಟಿಯೇ ಹೆಚ್ಚಿನದು ಎನ್ನದೆ ವಿಧಿಯಿಲ್ಲ.

ವೇಗದ ವಿಧಾನಕ್ಕೆ ಒಂದು ಷರತ್ತಿದೆ: ಗುಚ್ಛ ಸಮಸ್ಥಿತಿಗೆ ಬಂದಿರಬೇಕು. ಗುಚ್ಛವನ್ನು ತುಂಬಿರುವ, ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ ಅನಿಲದ ಕ್ಷ-ಕಿರಣದಿಂದ ತೂಕ ಕಟ್ಟುವ ಇನ್ನೊಂದು ವಿಧಾನಕ್ಕೂ ಇಂಥದೇ ಷರತ್ತು. ಅನಿಲದ ಒತ್ತಡವೂ ಗುರುತ್ವವೂ ಸಮತೂಕದಲ್ಲಿರಬೇಕು. ಅನಿಲ ಕಲಕಿದ್ದರೆ ಅದರ ಚಲನೆಯೂ ಸ್ವಲ್ಪ ಭಾರ ಹೊರುವುದರಿಂದ ಕ್ಷ-ಕಿರಣದ ತೂಕ ನಿಜಕ್ಕಿಂತ ಕಡಿಮೆ ಬರುತ್ತದೆ, ಸಾಮಾನ್ಯವಾಗಿ ಶೇ 10ರಿಂದ 30ರವರೆಗೆ ಎಂಬ ಅಂದಾಜಿದೆ. ಮಸೂರಕ್ಕೆ ಈ ಷರತ್ತುಗಳಿಲ್ಲ.

ಎರಡು ಗುಚ್ಛಗಳು ಡಿಕ್ಕಿ ಹೊಡೆದು ಹಾದುಹೋಗಿರುವ ಬುಲೆಟ್ ಗುಚ್ಛದಲ್ಲಿ ಇದರ ಬೆಲೆ ತಿಳಿಯಿತು. ಅಲ್ಲಿ ಸಮಸ್ಥಿತಿಯ ಮಾತೇ ಇಲ್ಲ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ಉಪಗ್ರಹವು ಕ್ಷ-ಕಿರಣದಲ್ಲಿ ನೋಡಿದಾಗ, ಡಿಕ್ಕಿಯಲ್ಲಿ ಒಂದಕ್ಕೊಂದು ಉಜ್ಜಿ ನಿಧಾನವಾದ ಅನಿಲ ನಡುವೆ ಉಳಿದಿರುವುದು ಕಂಡಿತು. ಗೆಲಾಕ್ಸಿಗಳು ಒಂದರ ನಡುವೆ ಒಂದು ನುಸುಳಿ ಮುಂದೆ ಸಾಗಿದ್ದವು. ಸಾಮಾನ್ಯ ದ್ರವ್ಯದ ಬಹುಪಾಲು ಅನಿಲದಲ್ಲೇ ಇರುವುದರಿಂದ ತೂಕವೂ ಅಲ್ಲೇ ಇರಬೇಕಿತ್ತು. ಆದರೆ 2006ರಲ್ಲಿ ಡಗ್ಲಸ್ ಕ್ಲೋ ಮತ್ತು ಸಂಗಡಿಗರು ದುರ್ಬಲ ಮಸೂರದಿಂದ ಬಿಡಿಸಿದ ನಕ್ಷೆಯಲ್ಲಿ ತೂಕದ ಎರಡು ಶಿಖರಗಳೂ ಗೆಲಾಕ್ಸಿಗಳಿದ್ದ ಕಡೆಗೇ ಬಿದ್ದವು. ಬೆಳಕು ಬೀರದ, ಸೆಳೆತದಿಂದ ಮಾತ್ರ ಗೊತ್ತಾಗುವ ಕಪ್ಪು ದ್ರವ್ಯ ಇದೆ ಎನ್ನುವವರ ಕೈಯಲ್ಲಿ ಇಷ್ಟು ನೇರವಾದ ಸಾಕ್ಷ್ಯ ಅದಕ್ಕೆ ಮೊದಲು ಇರಲಿಲ್ಲ. ಆದರೂ ಪತ್ರಿಕೆಗಳಲ್ಲಿ ಬರುವಂತೆ ಕಪ್ಪು ದ್ರವ್ಯವನ್ನು ನೋಡಿದರು ಎನ್ನುವುದು ಅತಿಯಾಯಿತು; ಕಂಡದ್ದು ಅದರ ಸೆಳೆತ, ಅದು ಯಾವ ಕಣದಿಂದಾದುದು ಎಂಬುದನ್ನು ಮಸೂರ ಹೇಳುವುದಿಲ್ಲ.

ಪ್ರಶ್ನೆ: ಹಾಗಾದರೆ ಈ ಅಳತೆಯನ್ನು ಕಣ್ಣು ಮುಚ್ಚಿ ನಂಬಬಹುದೇ?
— ಓದುಗರು, ಪುಣೆ

ಉತ್ತರ: ಕಣ್ಣು ತೆರೆದು ನಂಬಬೇಕು. ಮಸೂರ ಅಳೆಯುವುದು ನಮ್ಮ ದೃಷ್ಟಿರೇಖೆಯ ಉದ್ದಕ್ಕೂ ಇರುವ ಎಲ್ಲ ರಾಶಿಯನ್ನು. ಗುಚ್ಛದ ಮುಂದೆ ಅಥವಾ ಹಿಂದೆ ಬೇರೆ ಗೆಲಾಕ್ಸಿಗಳ ಗುಂಪಿದ್ದರೆ ಅದರ ತೂಕವೂ ಇದರ ಲೆಕ್ಕಕ್ಕೆ ಸೇರುತ್ತದೆ. ಗುಚ್ಛ ಉದ್ದನೆಯ ಆಕಾರದ್ದಾಗಿದ್ದು ಅದರ ತುದಿ ನಮ್ಮತ್ತ ಇದ್ದರೆ ಅದು ನಿಜಕ್ಕಿಂತ ದಟ್ಟವಾಗಿ ತೋರುತ್ತದೆ. ಆಬೆಲ್ 1689ರ ಬಗ್ಗೆಯೇ ಈ ಶಂಕೆ ಬಲವಾಗಿದೆ. ಇನ್ನೊಂದು ತೊಡಕು ಗಣಿತದ್ದು. ಗುಚ್ಛದ ರಾಶಿಯನ್ನು ತುಸು ತಗ್ಗಿಸಿ, ಅದರ ಬದಲು ಒಂದೇ ಸಮನಾದ ರಾಶಿಯ ಹಾಳೆಯೊಂದನ್ನು ಎಲ್ಲೆಡೆ ಹರಡಿದರೂ ಬಿಂಬಗಳ ಆಕಾರ ಹಾಗೆಯೇ ಉಳಿಯುತ್ತದೆ, ಆಕಾರ ಮಾತ್ರ ನೋಡಿದವರಿಗೆ ವ್ಯತ್ಯಾಸ ತಿಳಿಯದು. ಬೇರೆ ಬೇರೆ ದೂರದ ಮೂಲಗಳನ್ನು ಸೇರಿಸಿದಾಗ, ಬಿಂಬಗಳು ಎಷ್ಟು ಹಿಗ್ಗಿವೆ ಎಂಬುದನ್ನೂ ಅಳೆದಾಗ ಈ ತೊಡಕು ಬಹುಮಟ್ಟಿಗೆ ಸಡಿಲವಾಗುತ್ತದೆ.

ವಿಧಾನ ಪರೀಕ್ಷೆಗೂ ಒಳಗಾಗಿದೆ. ಮ್ಯಾಕ್ಸ್ ಜೆ1149 ಎಂಬ ಗುಚ್ಛದ ಹಿಂದೆ 2014ರ ನವೆಂಬರ್‌ನಲ್ಲಿ ಒಂದೇ ಸೂಪರ್‌ನೋವಾ, ಅಂದರೆ ನಕ್ಷತ್ರದ ಸ್ಫೋಟ, ನಾಲ್ಕು ಬಿಂಬಗಳಾಗಿ ಕಾಣಿಸಿತು. ಒಂದೊಂದು ಬಿಂಬದ ಬೆಳಕೂ ಬೇರೆ ಬೇರೆ ದಾರಿಯಲ್ಲಿ ಬರುವುದರಿಂದ ಅವು ನಮ್ಮನ್ನು ಬೇರೆ ಬೇರೆ ಸಮಯಕ್ಕೆ ತಲುಪುತ್ತವೆ. ಇಂಥ ವಿಳಂಬಗಳಿಂದ ವಿಶ್ವದ ಹಿಗ್ಗುವಿಕೆಯನ್ನು ಅಳೆಯಬಹುದೆಂದು 1964ರಲ್ಲೇ ಸೂಚಿಸಿದ್ದ ಷುರ್ ರೆಫ್ಸ್‌ಡಾಲ್ ಅವರ ಹೆಸರನ್ನು ಅದಕ್ಕಿಟ್ಟರು. ಗುಚ್ಛದ ರಾಶಿ ನಕ್ಷೆಯನ್ನು ಬಳಸಿ, ಇದೇ ಸ್ಫೋಟ ಇನ್ನೊಂದು ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಯಾವಾಗ ಎಂದು ಹಲವು ತಂಡಗಳು ಮುಂಚಿತವಾಗಿ ಬರೆದಿಟ್ಟವು. 2015ರ ಡಿಸೆಂಬರ್‌ನಲ್ಲಿ ಹಬಲ್ ಅದನ್ನು ನಿರೀಕ್ಷಿಸಿದ ಜಾಗದಲ್ಲೇ ಕಂಡಿತು. ಸಣ್ಣ ಅಳತೆಯಲ್ಲಿ ಮಾತ್ರ ಸಮಾಧಾನವಿಲ್ಲ: ಗುಚ್ಛಗಳೊಳಗಿನ ಬಿಡಿ ಗೆಲಾಕ್ಸಿಗಳು ಮಸೂರವಾಗಿ ವರ್ತಿಸುವುದು ಕಂಪ್ಯೂಟರ್ ಮಾದರಿಗಳು ಹೇಳುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಎಂದು ಮಾಸ್ಸಿಮೋ ಮೆನೆಗೆಟ್ಟಿ, ಪ್ರಿಯಂವದಾ ನಟರಾಜನ್ ಮತ್ತಿತರರು 2020ರಲ್ಲಿ ವರದಿ ಮಾಡಿದ್ದಾರೆ. ತಪ್ಪು ಮಾದರಿಗಳದ್ದೋ ಕಪ್ಪು ದ್ರವ್ಯದ ಬಗೆಗಿನ ನಮ್ಮ ಕಲ್ಪನೆಯದ್ದೋ ಎಂಬ ಚರ್ಚೆ ಆಗಿನಿಂದ ನಡೆದಿದೆ.

ಪ್ರಶ್ನೆ: ಹವ್ಯಾಸಿಗಳ ದೂರದರ್ಶಕದಲ್ಲಿ ಗುರುತ್ವ ಮಸೂರ ಕಾಣಬಹುದೇ?
— ಆಕಾಶವೀಕ್ಷಕರು, ಚಿಕ್ಕಮಗಳೂರು

ಉತ್ತರ: ಗುಚ್ಛಗಳ ಕಂಸಗಳು ತೀರಾ ಮಸುಕು, ಅವುಗಳನ್ನು ಬಿಟ್ಟುಬಿಡಿ. ಸಪ್ತರ್ಷಿ ಮಂಡಲದಲ್ಲಿರುವ, 1979ರಲ್ಲಿ ಪತ್ತೆಯಾದ ಮೊದಲ ಗುರುತ್ವ ಮಸೂರವಾದ ಅವಳಿ ಕ್ವೇಸಾರ್‌ಗೆ (ಕ್ವೇಸಾರ್ ಎಂದರೆ ದೂರದ ಗೆಲಾಕ್ಸಿಯೊಂದರ ತೀರಾ ಪ್ರಖರವಾದ ನಡುಭಾಗ) ಪ್ರಯತ್ನಿಸಬಹುದು. ಅದರ ಎರಡು ಬಿಂಬಗಳು ಸುಮಾರು 6 ಕೋನ ಸೆಕೆಂಡ್ ಅಂತರದಲ್ಲಿದ್ದು ಎರಡರ ಕಾಂತಿಮಾನವೂ (ಈ ಸಂಖ್ಯೆ ಹೆಚ್ಚಿದಷ್ಟೂ ವಸ್ತು ಮಸುಕು) 17ರ ಆಸುಪಾಸಿನಲ್ಲಿದೆ. ಮಸೂರವಾಗಿರುವುದು ಒಂದು ಗೆಲಾಕ್ಸಿ ಮತ್ತು ಅದು ಸೇರಿರುವ ಗುಚ್ಛ. ಕಣ್ಣಿನಿಂದ ನೋಡುವುದು ಕಷ್ಟ. ಎಂಟು ಹತ್ತು ಇಂಚಿನ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಚಂದ್ರನಿಲ್ಲದ ರಾತ್ರಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರೆ ಎರಡು ಚುಕ್ಕೆಗಳಾಗಿ ಬೀಳುತ್ತದೆ. ಹುಡುಕಲು ಎನ್‌ಜಿಸಿ 3079 ಎಂಬ ಗೆಲಾಕ್ಸಿಯನ್ನು ಗುರುತಾಗಿ ಇಟ್ಟುಕೊಳ್ಳಿ, ಕ್ವೇಸಾರ್ ಅದರ ಕಾಲು ಡಿಗ್ರಿಯೊಳಗೇ ಇದೆ. ನಿಮ್ಮೂರಿನಿಂದ ಅದು ಉತ್ತರದಲ್ಲಿ ಸುಮಾರು 47 ಡಿಗ್ರಿ ಎತ್ತರಕ್ಕೆ ಏರುತ್ತದೆ. ಏಪ್ರಿಲ್ ಮೊದಲ ವಾರದಲ್ಲಾದರೆ ರಾತ್ರಿ ಒಂಬತ್ತರ ಸುಮಾರಿಗೆ.