ಓದುಗರ ಪ್ರಶ್ನೆ: ಮಲೆನಾಡಿನ ಮನೆಗೆ ಯಾವ ಮೊಬೈಲ್?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕ. ಹಳೆಯ ಫೋನ್ ಬದಲಿಸಬೇಕಾಗಿದೆ. ಮನೆಯೊಳಗೆ ಬಿಎಸ್‌ಎನ್‌ಎಲ್ ಸಿಗ್ನಲ್ ಅಷ್ಟಕ್ಕಷ್ಟೇ, ಆದರೆ ಫೈಬರ್ ಇಂಟರ್ನೆಟ್ ಇದೆ. ಮಕ್ಕಳೊಂದಿಗೆ ವಿಡಿಯೊ ಕರೆ, ವಾಟ್ಸ್‌ಆ್ಯಪ್, ಪತ್ರಿಕೆ ಓದುವುದು, ಯುಪಿಐ, ಇಷ್ಟೇ ನನ್ನ ಬಳಕೆ. ಅಂಗಡಿಯವರು 15,000 ರೂಪಾಯಿಯೊಳಗೆ ‘108 ಮೆಗಾಪಿಕ್ಸೆಲ್ ಕ್ಯಾಮೆರಾ, 16 ಜಿಬಿ ರ‍್ಯಾಮ್’ ಇರುವ ಫೋನ್ ತೋರಿಸುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಅಂಗಡಿಯವರು ಹೇಳಿದ ಆ ಎರಡು ಅಂಕಿಗಳಿಗೂ ನಿಮ್ಮ ಅಗತ್ಯಕ್ಕೂ ಹೆಚ್ಚಿನ ಸಂಬಂಧವಿಲ್ಲ. ನೀವು ಮೊದಲು ನೋಡಬೇಕಾದದ್ದು ಆ ಫೋನ್ ಯಾವ ತರಂಗಾಂತರಗಳನ್ನು ಹಿಡಿಯುತ್ತದೆ ಎಂಬುದನ್ನು. ಬಿಎಸ್‌ಎನ್‌ಎಲ್‌ನ 4ಜಿ ಸೇವೆ 700 ಮತ್ತು 2100 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತಿದ್ದು, ಗುಡ್ಡ, ಮರ, ದಪ್ಪ ಗೋಡೆಗಳ ನಡುವೆಯೂ ಹೆಚ್ಚು ದೂರ ತಲುಪುವುದು 700ರ ಅಲೆಗಳೇ. ತಯಾರಕರ ವಿವರಪಟ್ಟಿಯಲ್ಲಿ 4ಜಿ ಬ್ಯಾಂಡ್‌ಗಳ (ತರಂಗಾಂತರಗಳ) ಸಾಲಿನಲ್ಲಿ ‘ಬಿ28’ ಎಂದು ಇದ್ದರೆ ಮಾತ್ರ ಆ 700ರ ಅಲೆ ನಿಮ್ಮ ಫೋನಿಗೆ ಸಿಗುತ್ತದೆ. 5ಜಿ ಸಾಲಿನಲ್ಲಿ ‘ಎನ್28’ ಎಂದು ಕಂಡು ಸಮಾಧಾನಪಟ್ಟುಕೊಳ್ಳಬೇಡಿ. ಎರಡೂ ಬೇರೆ ಬೇರೆ. ಒಂದೇ ಹೆಸರಿನ ಫೋನ್ ಬೇರೆ ದೇಶಗಳಲ್ಲಿ ಬೇರೆ ಬ್ಯಾಂಡ್‌ಗಳೊಂದಿಗೆ ಬರುವುದುಂಟು. ಆದ್ದರಿಂದ ಕಂಪನಿಯ ಭಾರತದ ಜಾಲತಾಣವನ್ನೇ ನೋಡಿ. ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಮನೆಯಲ್ಲಿ ಫೈಬರ್ ಇರುವುದರಿಂದ ವೈಫೈ ಮೂಲಕವೇ ಸಾಮಾನ್ಯ ಕರೆ ಮಾಡುವ ಸೌಲಭ್ಯವೂ ಫೋನಿನಲ್ಲಿರಲಿ. ಅದು ನಡೆಯಲು ಫೋನ್ ಮತ್ತು ಸಿಮ್ ಕಂಪನಿ ಎರಡೂ ಒಪ್ಪಬೇಕು. ಹಾಗಾದಾಗ ಕರೆ ಬಂತೆಂದು ಅಂಗಳದ ತುದಿಗೆ ಓಡುವುದು ತಪ್ಪುತ್ತದೆ.

ಇನ್ನು ಆ 16 ಜಿಬಿ ರ‍್ಯಾಮ್, ಅಂದರೆ ಫೋನ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಸ್ಮೃತಿ. ಈ ಬೆಲೆಯಲ್ಲಿ ಅದು ಸಾಮಾನ್ಯವಾಗಿ 8 ಜಿಬಿ ನಿಜವಾದ ರ‍್ಯಾಮ್, ಉಳಿದದ್ದು ಚಿತ್ರ, ಕಡತಗಳನ್ನು ಕೂಡಿಡುವ ಜಾಗವಾದ ಸ್ಟೋರೇಜ್‌ನಿಂದ ತಂದ ಕಡ. ಸ್ಟೋರೇಜ್ ಎಂದೂ ರ‍್ಯಾಮ್‌ನ ವೇಗಕ್ಕೆ ಸಮನಾಗದು. ನಿಮಗೆ 6 ಜಿಬಿ ಸಾಕು. ಆದರೆ ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ, ಏಕೆಂದರೆ ಬಂಧುಬಳಗದ ಶುಭೋದಯದ ಚಿತ್ರಗಳೇ ಅರ್ಧ ಜಾಗ ತಿನ್ನುತ್ತವೆ. 108 ಮೆಗಾಪಿಕ್ಸೆಲ್ ಕ್ಯಾಮೆರಾ ಕೂಡ ಸಾಮಾನ್ಯವಾಗಿ ಒಂಬತ್ತು ಬಿಂದುಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ.

ಯುಪಿಐ ಬಳಸುವವರು ಕೇಳಲೇಬೇಕಾದದ್ದು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂದು. ಈ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದಲೇ ಹೊರತು ನೀವು ಕೊಂಡ ದಿನದಿಂದಲ್ಲ. ಹಾಗಾಗಿ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿ ಅಷ್ಟೇನೂ ಅಗ್ಗವಲ್ಲ. ಓದುವುದಕ್ಕಾಗಿ ಫೋನನ್ನು ಹತ್ತು ನಿಮಿಷ ಕೈಯಲ್ಲಿ ಹಿಡಿದು, ಅಕ್ಷರ ದೊಡ್ಡದು ಮಾಡಿ, ಅಂಗಡಿಯ ಹೊರಗೆ ಬಿಸಿಲಿನಲ್ಲಿ ನೋಡಿ. 200 ಗ್ರಾಂ ಮೀರಿದ ಫೋನ್ ಬೇಗ ಮಣಿಕಟ್ಟು ನೋಯಿಸುತ್ತದೆ. ನಿಮ್ಮಲ್ಲಿ ಮಳೆ ಹೆಚ್ಚಾದ್ದರಿಂದ ಇನ್ನೊಂದು ಮಾತು: ‘ಐಪಿ54’ ಎಂದರೆ ಸಿಡಿಯುವ ನೀರಿಗೆ ಮಾತ್ರ ರಕ್ಷಣೆ, ನೀರಿನಲ್ಲಿ ಮುಳುಗಿದರೆ ಇಲ್ಲ.

ಪ್ರಶ್ನೆ: ವಿದ್ಯಾರ್ಥಿಯಾದ ನಾನು ಪರಿಚಿತರೊಬ್ಬರಿಂದ ಬಳಸಿದ ಫೋನ್ ಕೊಳ್ಳಬಹುದೇ? (ದಾವಣಗೆರೆ)

ಉತ್ತರ: ಕೊಳ್ಳಬಹುದು. *#06# ಒತ್ತಿದಾಗ ಕಾಣುವ 15 ಅಂಕಿಯ ಐಎಂಇಐ (ಫೋನಿನ ಗುರುತಿನ) ಸಂಖ್ಯೆ ಬಿಲ್ಲಿನಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ, ಅದನ್ನೇ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣದಲ್ಲಿ ಪರಿಶೀಲಿಸಿ, ಕಳವಾಗಿದೆಯೆಂದು ದೂರು ಕೊಟ್ಟು ನಿರ್ಬಂಧಿಸಿದ ಫೋನ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ಹಣ ಕೊಡುವ ಮೊದಲು ಹಳೆಯ ಮಾಲೀಕರಿಂದ ಅವರ ಗೂಗಲ್ ಖಾತೆಯನ್ನು ನಿಮ್ಮೆದುರೇ ತೆಗೆಸಿ. ಖಾತೆ ತೆಗೆಯದೆ ಫೋನನ್ನು ರೀಸೆಟ್ ಮಾಡಿದರೆ ಅದು ಅವರ ಪಾಸ್‌ವರ್ಡ್ ಕೇಳುತ್ತಾ ಕುಳಿತುಬಿಡಬಹುದು.